ಹೊರಗೆ ಮಂಜು, ಪೆಟ್ಟಿಗೆಯೊಳಗೆ ಬರ

ಪುಷ್ಯ ಮಾಸದ ಮುಂಜಾನೆ ಲಾಲ್‌ಬಾಗಿನಲ್ಲಿ ವಾಯುವಿಹಾರಕ್ಕೆ ಬರುವವರ ಮುಂದೆ ಗಾಳಿಯಲ್ಲಿ ನೀರಿಗೆ ಬರ ಬಂದಿದೆ ಎಂದರೆ ಅವರು ನಕ್ಕಾರು. ಹುಲ್ಲಿನ ತುದಿಯಲ್ಲಿ ಇಬ್ಬನಿ, ಕೆರೆಯ ಮೇಲೆ ಮಂಜಿನ ತೆರೆ, ಕನ್ನಡಕದ ಗಾಜಿಗೂ ಮಸುಕು. ಆದರೆ ಅದೇ ಹೊತ್ತಿನಲ್ಲಿ, ಅಲ್ಲಿಂದ ಕೂಗಳತೆಯ ದೂರದ ಬಹುಮಹಡಿ ಕಟ್ಟಡವೊಂದರಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಬಿಸಿದೀಪದಡಿ ಸುರುಳಿ ಸುತ್ತಿ ಮಲಗಿರುವ ಸಾಕುಹಾವು ಬಯಲುಸೀಮೆಯ ಬೇಸಿಗೆಯ ಗಾಳಿಯನ್ನು ಉಸಿರಾಡುತ್ತಿರಬಹುದು. ಹೊರಗಿನ ಮಂಜಿಗೂ ಒಳಗಿನ ಬರಕ್ಕೂ ನಡುವೆ ಇರುವುದು ಒಂದು ಗೋಡೆ, ಒಂದು ದೀಪ. ಚಳಿಗಾಲದಲ್ಲಿ ಸಾಕುಹಾವುಗಳು ಪಡುವ ಪಾಡಿಗೆ ಬಹುಮಟ್ಟಿಗೆ ಕಾರಣ ಈ ವೈಪರೀತ್ಯವನ್ನು ಅವುಗಳ ಒಡೆಯರು ಅರಿಯದಿರುವುದು.

ಹಾವು ಸಾಕುವುದೆಂದರೆ ಹಿಂದೆ ಹಾವಾಡಿಗರ ಬುಟ್ಟಿ ನೆನಪಾಗುತ್ತಿತ್ತು. ಆ ಬುಟ್ಟಿಗೆ ಈಗ ಕಾನೂನಿನ ಆಸರೆಯಿಲ್ಲ. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಇಂದು ನಗರದ ಸ್ಥಿತಿವಂತರ ಮನೆಗಳಲ್ಲಿರುವುದು ಪರದೇಶದ ಹಾವುಗಳು. ಅವುಗಳಲ್ಲಿ ಎಲ್ಲರಿಗಿಂತ ಹೆಚ್ಚು ಮೆಚ್ಚುಗೆ ಗಳಿಸಿರುವುದು ಪಶ್ಚಿಮ ಆಫ್ರಿಕ ಮೂಲದ ಬಾಲ್ ಪೈಥಾನ್. ಮೂರರಿಂದ ಐದು ಅಡಿ ಉದ್ದದ, ವಿಷವಿಲ್ಲದ, ಸಾಧು ಸ್ವಭಾವದ ಈ ಹೆಬ್ಬಾವು ಹೆದರಿದಾಗ ತಲೆಯನ್ನು ಮೈಯೊಳಗೆ ಹುದುಗಿಸಿ ಚೆಂಡಿನಂತೆ ಮುದುಡಿಕೊಳ್ಳುತ್ತದೆ. ಹೆಸರು ಬಂದದ್ದು ಅದರಿಂದ. ಕಚ್ಚುವುದಕ್ಕಿಂತ ಮುದುಡುವುದನ್ನೇ ಆಯ್ದುಕೊಳ್ಳುವ ಈ ಗುಣವೇ ಅದನ್ನು ಜಗತ್ತಿನ ಮಕ್ಕಳ ಕೋಣೆಗಳಿಗೆ ತಂದು ನಿಲ್ಲಿಸಿದೆ.

ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಓದಿದ್ದು ಅರ್ಥಶಾಸ್ತ್ರ, ಮಾಡಿದ್ದು ಸರ್ಕಾರಿ ಕೆಲಸ. ಆದರೆ ಗಾಳಿಯ ತೇವದ ಲೆಕ್ಕ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅಪರಿಚಿತವೇನಲ್ಲ. ಕೂಲಿ ನೂರು ರೂಪಾಯಿಯಲ್ಲೇ ನಿಂತು ಅಕ್ಕಿಯ ಬೆಲೆ ಏರಿದರೆ ಕೂಲಿಕಾರ ಬಡವನಾಗುತ್ತಾನೆ. ಅವನ ಜೇಬಿನಲ್ಲಿರುವ ಹಣ ಕಡಿಮೆಯಾಗಿರುವುದಿಲ್ಲ, ಅದರ ಬಲ ಕಡಿಮೆಯಾಗಿರುತ್ತದೆ. ಗಾಳಿಯಲ್ಲಿರುವ ನೀರಾವಿಯದೂ ಇದೇ ಕತೆ. ಒಂದು ಘನ ಮೀಟರ್ ಗಾಳಿ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ಗ್ರಾಮಿಗಿಂತ ತುಸು ಕಡಿಮೆ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 15 ಡಿಗ್ರಿಯಲ್ಲಿ ಸುಮಾರು 13 ಗ್ರಾಂ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಹೀಗೆ ಹಿಡಿಯಬಲ್ಲ ಪ್ರಮಾಣದಲ್ಲಿ ವಾಸ್ತವವಾಗಿ ಎಷ್ಟು ಪಾಲು ಇದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಗಾಳಿಯನ್ನು ಬಿಸಿ ಮಾಡಿದಾಗ ಅದರಲ್ಲಿದ್ದ ನೀರು ಎಲ್ಲಿಗೂ ಹೋಗುವುದಿಲ್ಲ. ಆದರೆ ಗಾಳಿಯ ದಾಹ ಹೆಚ್ಚುತ್ತದೆ. ಆ ದಾಹವನ್ನು ಅದು ತೀರಿಸಿಕೊಳ್ಳುವುದು ಸುತ್ತಲಿನ ಮರ, ಮಣ್ಣು, ನೀರಿನ ಬಟ್ಟಲು ಮತ್ತು ಜೀವಿಗಳ ಮೈಯಿಂದ.

ಈ ಲೆಕ್ಕ ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ, ಶಿಕಾಗೊ ಹೊರವಲಯದ ಮಗಳ ಮನೆಯಲ್ಲಿ ಕಳೆದ ಒಂದು ಚಳಿಗಾಲದಿಂದ. ಅಲ್ಲಿ ಜನವರಿಯ ಸರಾಸರಿ ತಾಪಮಾನ ಸೊನ್ನೆಗಿಂತ ನಾಲ್ಕು ಡಿಗ್ರಿಯಷ್ಟು ಕೆಳಗೆ. ಹೊರಗಿನ ಆ ಗಾಳಿ ಮನೆಯೊಳಗೆ ಬಂದು 21 ಡಿಗ್ರಿಗೆ ಬಿಸಿಯಾದಾಗ, ಅಡುಗೆಯ ಹಬೆ, ಸ್ನಾನದ ಹಬೆಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಅದರ ಸಾಪೇಕ್ಷ ಆರ್ದ್ರತೆ ಶೇ 15ರ ಆಸುಪಾಸಿಗೆ ಇಳಿಯುತ್ತದೆ. ಬಾಗಿಲ ಹಿಡಿ ಮುಟ್ಟಿದರೆ ಬೆರಳಿಗೆ ಸಣ್ಣ ವಿದ್ಯುತ್ ಆಘಾತ, ಬೆಳಗಾಗುವಷ್ಟರಲ್ಲಿ ಗಂಟಲು ಒಣ, ಹಿಮ್ಮಡಿ ಬಿರುಕು. ಮೊಮ್ಮಗನ ಕೋಣೆಯಲ್ಲಿ ಒಂದು ಬಾಲ್ ಪೈಥಾನ್ ಇತ್ತು. ಹದಿನಾಲ್ಕರ ಆ ಹುಡುಗ ದಿನಕ್ಕೆರಡು ಬಾರಿ ಪೆಟ್ಟಿಗೆಯೊಳಗಿನ ತಾಪ ಮತ್ತು ತೇವದ ಅಂಕಿಗಳನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದ. ಇಷ್ಟೊಂದು ಏಕೆ ಎಂದು ಕೇಳಿದೆ. "ತಾತ, ನಿಮಗೆ ತುಟಿ ಒಡೆದರೆ ಅಮ್ಮನ ಹತ್ತಿರ ತುಪ್ಪ ಕೇಳಿ ಹಚ್ಚಿಕೊಳ್ಳುತ್ತೀರಿ. ಇದು ಯಾರನ್ನು ಕೇಳಬೇಕು?" ಎಂದ. ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ನೋಡಿದ ತಪಾಸಣಾ ವರದಿಗಳಲ್ಲಿ ಇಷ್ಟು ಸ್ಪಷ್ಟವಾದ ಸಮರ್ಥನೆ ಅಪರೂಪ.

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ, ಮನೆಗಳಿಗೆ ಕೇಂದ್ರೀಯ ಶಾಖ ವ್ಯವಸ್ಥೆಯೂ ಇಲ್ಲ. ಆದ್ದರಿಂದ ಈ ಚಿಂತೆ ನಮಗೆ ಬೇಡ ಎಂದು ಹೇಳುವವರುಂಟು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಡಿಸೆಂಬರಿನ ಮುಂಜಾನೆ ತಾಪಮಾನ 15 ಡಿಗ್ರಿ, ಆರ್ದ್ರತೆ ಶೇ 90 ಎಂದಿಟ್ಟುಕೊಳ್ಳೋಣ. ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 12 ಗ್ರಾಂ ನೀರಾವಿ ಇದೆ ಎಂದಾಯಿತು. ಈ ಗಾಳಿಯೇ ಪೆಟ್ಟಿಗೆಯನ್ನು ಹೊಕ್ಕು ದೀಪದ ಬಿಸಿಗೆ 30 ಡಿಗ್ರಿ ತಲುಪಿದರೆ ಅದರ ಆರ್ದ್ರತೆ ಶೇ 40ಕ್ಕೂ ಕೆಳಗಿಳಿಯುತ್ತದೆ. ಬಾಲ್ ಪೈಥಾನ್‌ಗೆ ಬೇಕಾದದ್ದು ಶೇ 60ರಿಂದ 80. ಕಿಟಕಿಯಾಚೆ ಮಂಜು ಕಂಡು ಸಮಾಧಾನಪಟ್ಟುಕೊಂಡ ಮಾಲೀಕ, ತನ್ನ ಹಾವಿಗೆ ಬೇಕಾದ ತೇವದ ಅರ್ಧವನ್ನಷ್ಟೇ ಕೊಡುತ್ತಿರುತ್ತಾನೆ. ಮಕರ ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾದಂತೆ ಒಳನಾಡಿನ ಮಧ್ಯಾಹ್ನಗಳು ಇನ್ನಷ್ಟು ಒಣಗುತ್ತವೆ. ಮಂಗಳೂರು, ಕಾರವಾರಗಳ ಕಡಲ ಗಾಳಿಯ ಲೆಕ್ಕ ಬೇರೆ. ಕಲಬುರಗಿಯದು ಮತ್ತೂ ಬೇರೆ. ಒಂದೂರಿನಲ್ಲಿ ಕೇಳಿದ ಸಲಹೆ ಇನ್ನೊಂದೂರಿನಲ್ಲಿ ನಡೆಯುವುದಿಲ್ಲ.

ಹಾಗಾದರೆ ಬೇಸಿಗೆಯಲ್ಲಿ ಕಾಡು ಬೆಂಗಾಡಾಗುವ ಆಫ್ರಿಕದ ಹುಲ್ಲುಗಾವಲಿನಲ್ಲಿ ಈ ಹಾವು ಬದುಕುವುದಾದರೂ ಹೇಗೆ? ಇಲ್ಲಿಯೇ ನಮ್ಮ ಜನಪದಕ್ಕೆ ಚೆನ್ನಾಗಿ ಗೊತ್ತಿರುವ ಒಂದು ಸತ್ಯವಿದೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಗುತ್ತದೆ. ಘಾನಾ, ಟೋಗೊ, ಬೆನಿನ್ ದೇಶಗಳ ಬಯಲಿನಲ್ಲಿ ಬಾಲ್ ಪೈಥಾನ್ ಹಗಲನ್ನು ಕಳೆಯುವುದು ಇಲಿ, ಹೆಗ್ಗಣಗಳ ಬಿಲಗಳಲ್ಲಿ ಮತ್ತು ಹುತ್ತಗಳಲ್ಲಿ. ಮೇಲೆ ನೆಲ ಕಾದು ಒಣಗಿದ್ದರೂ ಮಣ್ಣಿನೊಳಗಿನ ಆ ಗೂಡು ತಂಪಾಗಿ, ತೇವವಾಗಿ ಇರುತ್ತದೆ. ಹವಾಮಾನ ವರದಿ ಹೇಳುವುದು ಬಯಲಿನ ಗಾಳಿಯನ್ನು, ಹಾವು ಉಸಿರಾಡುವುದು ಹುತ್ತದ ಗಾಳಿಯನ್ನು. ಬೆನಿನ್ ದೇಶದ ವೀದಾ ಪಟ್ಟಣದಲ್ಲಿ ಹೆಬ್ಬಾವುಗಳ ಗುಡಿಯೊಂದಿದೆ. ಅಲ್ಲಿ ಪೂಜೆಗೊಳ್ಳುವುದು ಇದೇ ಬಾಲ್ ಪೈಥಾನ್. ನಾಗರಕಲ್ಲಿಗೆ ತನಿ ಎರೆಯುವ ನಮಗೆ ಆ ಭಕ್ತಿ ಅಪರಿಚಿತವಲ್ಲ. ಹುತ್ತವನ್ನು ಕೆಡವಬಾರದೆಂಬ ನಮ್ಮ ಹಿರಿಯರ ಕಟ್ಟಳೆಯ ಹಿಂದೆ ಭಯವಿತ್ತೋ ಭಕ್ತಿಯಿತ್ತೋ, ಅದರ ಫಲವಾಗಿ ಹಾವಿಗೆ ಅದರ ತೇವ ಉಳಿಯಿತು. ಗಾಜಿನ ಪೆಟ್ಟಿಗೆ ತಂದವನು ಆ ಹುತ್ತವನ್ನು ತಾನೇ ಕಟ್ಟಿಕೊಡಬೇಕಾಗುತ್ತದೆ.

ಕಟ್ಟಿಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳುವುದು ಪೊರೆ. ಬೆಳೆದ ಹಾವು ಕೆಲವು ವಾರಗಳಿಗೊಮ್ಮೆ ಪೊರೆ ಬಿಡುತ್ತದೆ. ಅದಕ್ಕೆ ಮುನ್ನ ಬಣ್ಣ ಮಸುಕಾಗಿ, ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ. ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವದ ತೆಳುಪದರ ಕೂಡಿ ಎರಡನ್ನೂ ಬೇರ್ಪಡಿಸುತ್ತದೆ. ತೇವ ಸಾಕಷ್ಟಿದ್ದರೆ ಮೂತಿಯಿಂದ ಬಾಲದ ತುದಿಯವರೆಗೆ ಕಾಲುಚೀಲ ತೆಗೆದಂತೆ ಇಡಿಯಾಗಿ ಪೊರೆ ಕಳಚುತ್ತದೆ. ಗಾಳಿ ಒಣಗಿದ್ದರೆ ಅದು ಚೂರುಚೂರಾಗಿ ಹರಿದು ಮೈಗೆ ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಉಂಗುರದಂತೆ ಉಳಿದ ಪೊರೆ ರಕ್ತಸಂಚಾರವನ್ನು ತಡೆದು ಆ ಭಾಗವನ್ನೇ ಸಾಯಿಸಬಹುದು. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಕಾಯುವುದು ಪಾರದರ್ಶಕವಾದ ಒಂದು ಪೊರೆ, ಅದೂ ಪ್ರತಿ ಬಾರಿ ಕಳಚಬೇಕು. ಕಳಚದೆ ಪದರದ ಮೇಲೆ ಪದರ ಉಳಿದರೆ ನೋಟ ಮಂಕಾಗುತ್ತದೆ, ಸೋಂಕು ತಗಲುತ್ತದೆ. ಚಿಮುಟ ಹಿಡಿದು ಅದನ್ನು ಕೀಳಲು ಹೋಗಿ ಕಣ್ಣನ್ನೇ ಗಾಯಗೊಳಿಸುವ ಅಪಾಯವಿದೆ. ಹಾವನ್ನು ಒದ್ದೆ ಪಾಚಿಯ ಡಬ್ಬಿಯಲ್ಲಿ ಕೆಲವು ಗಂಟೆ ಬಿಡುವುದು, ಅದಕ್ಕೂ ಜಗ್ಗದಿದ್ದರೆ ಪಶುವೈದ್ಯರ ಬಳಿ ಒಯ್ಯುವುದು ಸರಿಯಾದ ದಾರಿ.

ಎರಡನೆಯದು ಉಸಿರಾಟ. ಹಾವಿಗೆ ನಮ್ಮಂತೆ ಎದೆ-ಹೊಟ್ಟೆಗಳ ನಡುವಿನ ವಪೆಯಿಲ್ಲ. ಕೆಮ್ಮಿ ಕಫವನ್ನು ಹೊರಹಾಕುವ ಶಕ್ತಿ ಅದಕ್ಕಿಲ್ಲ. ಚಳಿ ಮತ್ತು ಒಣಹವೆಗಳಿಂದ ಶ್ವಾಸನಾಳ ದುರ್ಬಲಗೊಂಡಾಗ ಸೋಂಕು ಸುಲಭವಾಗಿ ನೆಲೆಯೂರುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಸಿಳ್ಳೆಯಂಥ ಸದ್ದು, ತಲೆಯನ್ನು ಮೇಲೆತ್ತಿ ಹಿಡಿಯುವುದು ಇದರ ಲಕ್ಷಣಗಳು. ನಾಯಿಯಂತೆ ಕುಂಯ್‌ಗುಡದ, ಬೆಕ್ಕಿನಂತೆ ಕಾಲಿಗೆ ಸುತ್ತದ ಈ ಜೀವಿ ತನ್ನ ಸಂಕಟವನ್ನು ತೋರ್ಪಡಿಸುವ ಹೊತ್ತಿಗೆ ರೋಗ ಬಹಳ ಮುಂದುವರಿದಿರುತ್ತದೆ.

ಇಷ್ಟನ್ನು ಓದಿದ ಉತ್ಸಾಹಿಗಳು ಪೆಟ್ಟಿಗೆಗೆ ನೀರು ಸುರಿಯಲು ಹೊರಟರೆ ಅದೂ ಅನಾಹುತವೇ. ತೇವ ಬೇರೆ, ಒದ್ದೆ ಬೇರೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಹಾವು ಸದಾ ಒದ್ದೆ ನೆಲದ ಮೇಲೆ ಮಲಗಿದರೆ ಹೊಟ್ಟೆಯ ಹುರುಪೆಗಳಲ್ಲಿ ಗುಳ್ಳೆಯೆದ್ದು ಕೊಳೆಯುತ್ತವೆ. ತಂಪು ಮತ್ತು ಒದ್ದೆ ಜೊತೆಗೂಡಿದರಂತೂ ಶ್ವಾಸಕೋಶಕ್ಕೆ ಒಣಹವೆಗಿಂತಲೂ ಕೆಡುಕು. ಆದ್ದರಿಂದ ಮೊದಲು ಸರಿಪಡಿಸಬೇಕಾದದ್ದು ತಾಪಮಾನ. ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ, ಇನ್ನೊಂದು ಬದಿ 24ರಿಂದ 27 ಡಿಗ್ರಿ ಇರಬೇಕು. ಹಾವು ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತದೆ. ಶಾಖದ ಯಾವ ಉಪಕರಣವಾದರೂ ಥರ್ಮೋಸ್ಟಾಟ್ ಮೂಲಕವೇ ನಡೆಯಬೇಕು. ಇಲ್ಲದಿದ್ದರೆ ಹಾವಿಗೆ ಸುಟ್ಟಗಾಯ, ಗಾಳಿಗೆ ಅನಗತ್ಯ ದಾಹ.

ಇನ್ನು ತೇವವನ್ನು ಉಳಿಸಿಕೊಳ್ಳುವ ಬಗೆ. ಅಳೆಯದೆ ಆಳಲಾಗದು ಎಂಬುದು ಆಡಳಿತದ ಮೊದಲ ಪಾಠ, ಇಲ್ಲಿಯೂ ಅದೇ. ಮುಳ್ಳು ತಿರುಗುವ ಅಗ್ಗದ ಮಾಪಕಗಳನ್ನು ನಂಬುವಂತಿಲ್ಲ. ಅಂಕಿ ತೋರಿಸುವ ಡಿಜಿಟಲ್ ಹೈಗ್ರೋಮೀಟರ್ ಬೇಕು, ಅದನ್ನೂ ಪರೀಕ್ಷಿಸಿಕೊಳ್ಳಬೇಕು. ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ, ಅಡುಗೆಮನೆಯ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗಿ ಹೋಗದಷ್ಟು ನೀರು ಬೆರೆಸಿ ಮುದ್ದೆಯಂತೆ ಮಾಡಿ, ಮಾಪಕದ ಜೊತೆ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಒಳಗಿನ ಆರ್ದ್ರತೆ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 68 ಎಂದು ತೋರಿಸಿದರೆ ಅದು ಏಳು ಅಂಕ ಕಡಿಮೆ ಹೇಳುತ್ತಿದೆ ಎಂದರ್ಥ. ಮಾಪಕವನ್ನು ಪೆಟ್ಟಿಗೆಯ ಮೇಲ್ಭಾಗದಲ್ಲಿ ಅಂಟಿಸದೆ ಹಾವು ಮಲಗುವ ಎತ್ತರದಲ್ಲಿ ಇಡಬೇಕು.

ತಂತಿಬಲೆಯ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಬಿಸಿಗಾಳಿಯ ಜೊತೆ ತೇವವೂ ಮೇಲೇರಿ ಹೊರಟುಹೋಗುತ್ತದೆ. ದೀಪದ ಭಾಗವನ್ನು ಬಿಟ್ಟು ಬಲೆಯ ಬಹುಪಾಲನ್ನು ಮುಚ್ಚಿ, ಸ್ವಲ್ಪ ತೆರಪು ಉಳಿಸಿದರೆ ನಷ್ಟ ತಗ್ಗುತ್ತದೆ. ನೆಲಕ್ಕೆ ಹಳೆಯ ಪತ್ರಿಕೆ ಹಾಸುವುದು ಸುಲಭ, ಆದರೆ ಅದು ತೇವ ಹಿಡಿಯುವುದಿಲ್ಲ. ತೆಂಗಿನ ಸಿಪ್ಪೆಯ ಚೂರು ಮತ್ತು ನಾರಿನ ಪುಡಿ ಇದಕ್ಕೆ ಅತ್ಯುತ್ತಮ. ಪರದೇಶದ ಅಂಗಡಿಗಳಲ್ಲಿ ಅಂದವಾದ ಪೊಟ್ಟಣಗಳಲ್ಲಿ ಮಾರುವ ಈ ಸರಕು ನಮ್ಮ ತುಮಕೂರು, ಹಾಸನಗಳ ತೋಟದ ಬದುಗಳಲ್ಲಿ ರಾಶಿ ಬಿದ್ದಿರುತ್ತದೆ. ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹರಡಿ, ಮೂಲೆಗಳಲ್ಲಿ ನಿಧಾನವಾಗಿ ನೀರು ಹನಿಸಿದರೆ ತಳದ ಪದರ ತೇವವಾಗಿದ್ದು ಮೇಲ್ಪದರ ಒಣಗಿರುತ್ತದೆ. ದಿನಕ್ಕೆ ನಾಲ್ಕು ಬಾರಿ ತುಂತುರು ಸಿಂಪಡಿಸುವುದಕ್ಕಿಂತ ಇದು ಮೇಲು. ತುಂತುರಿನ ತೇವ ಗಂಟೆಯೊಳಗೆ ಆರಿಹೋಗಿ ಅಂಕಿ ಏರಿಳಿಯುತ್ತಿರುತ್ತದೆ. ತಳದ ತೇವವಾದರೋ ಮಣ್ಣಿನಂತೆ ನಿಧಾನವಾಗಿ ಉಸಿರು ಬಿಡುತ್ತದೆ. ನೀರಿನ ಬಟ್ಟಲು ಅಗಲವಾಗಿದ್ದು ಬೆಚ್ಚಗಿನ ಬದಿಗೆ ಹತ್ತಿರವಿದ್ದರೆ ಇನ್ನಷ್ಟು ಅನುಕೂಲ.

ಇವೆಲ್ಲಕ್ಕಿಂತ ಸುಲಭವಾದ, ಎಲ್ಲಕ್ಕಿಂತ ಪರಿಣಾಮಕಾರಿಯಾದ ಉಪಾಯವೆಂದರೆ ಕೃತಕ ಹುತ್ತ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹಾವು ನುಸುಳುವಷ್ಟು ತೂತು ಕೊರೆದು, ಅಂಚನ್ನು ನುಣುಪು ಮಾಡಿ, ಒಳಗೆ ಹಿಂಡಿದ ಒದ್ದೆ ಸ್ಫ್ಯಾಗ್ನಮ್ ಪಾಚಿಯನ್ನು ತುಂಬಿಟ್ಟರೆ ಆಯಿತು. ಕೋಣೆಯ ಗಾಳಿ ಎಷ್ಟೇ ಒಣಗಿದ್ದರೂ ಆ ಡಬ್ಬಿಯೊಳಗೆ ತೇವ ನಿಲ್ಲುತ್ತದೆ. ಪೊರೆ ಬಿಡುವ ಹೊತ್ತು ಬಂದಾಗ ಹಾವು ಯಾರೂ ಹೇಳದೆಯೇ ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತದೆ. ಪಾಚಿಗೆ ಬೂಷ್ಟು ಹಿಡಿಯದಂತೆ ವಾರಕ್ಕೊಮ್ಮೆ ಬದಲಿಸುವುದು ಮಾತ್ರ ಮರೆಯಬಾರದು. ಕೋಣೆಗೆ ಹ್ಯುಮಿಡಿಫೈಯರ್ ಇಡುವವರು ಅದರ ನೀರಿನ ತೊಟ್ಟಿಯನ್ನು ಪದೇ ಪದೇ ತೊಳೆಯಬೇಕು. ಇಲ್ಲವಾದರೆ ತೇವದ ಜೊತೆ ರೋಗಾಣುಗಳನ್ನೂ ಹರಡಿದಂತಾಗುತ್ತದೆ. ಇನ್ನೊಂದು ಮಾತು: ಒಂದು ಹಾವಿನ ಅಳತೆ ಇನ್ನೊಂದಕ್ಕೆ ಸಲ್ಲದು. ಅಮೆರಿಕ ಮೂಲದ ಕಾರ್ನ್ ಸ್ನೇಕ್‌ಗೆ ಶೇ 40ರಿಂದ 60 ಸಾಕು.

ಈ ಕೆಲಸಗಳಲ್ಲಿ ಯಾವುದೂ ಕಷ್ಟದ್ದಲ್ಲ, ದುಬಾರಿಯದೂ ಅಲ್ಲ. ಕಷ್ಟವಿರುವುದು ಪ್ರತಿದಿನ, ಪ್ರತಿ ಚಳಿಗಾಲ, ಅದೂ ದಶಕಗಳ ಕಾಲ ಮಾಡುವುದರಲ್ಲಿ. ಬಾಲ್ ಪೈಥಾನ್ ಸೆರೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಇಂಥದೊಂದು ಹಾವು 2020ರಲ್ಲಿ, ಕನಿಷ್ಠ 62ರ ವಯಸ್ಸಿನಲ್ಲಿ, ಗಂಡಿನ ಸಂಗವಿಲ್ಲದೆ ವರ್ಷಗಳು ಕಳೆದಿದ್ದರೂ ಏಳು ಮೊಟ್ಟೆಗಳನ್ನಿಟ್ಟಿತು. ಹದಿನೈದರ ಹುಡುಗನಿಗೆ ಹುಟ್ಟುಹಬ್ಬಕ್ಕೆ ಕೊಡಿಸಿದ ಹಾವು ಅವನ ಪದವಿ, ನೌಕರಿ, ಮದುವೆ, ವರ್ಗಾವಣೆಗಳನ್ನೆಲ್ಲ ದಾಟಿ ಉಳಿಯುತ್ತದೆ. ಅಂಗಡಿಯಲ್ಲಿ ಕೊಡುವ ಬೆಲೆ ಒಮ್ಮೆ ಮುಗಿಯುತ್ತದೆ, ಸಾಕುವ ಬೆಲೆ ಮುಗಿಯುವುದಿಲ್ಲ. ಕೊಳ್ಳುವವನ ಕಣ್ಣಿಗೆ ಬೀಳುವುದು ಮೊದಲನೆಯದು, ಹಾವು ಅನುಭವಿಸುವುದು ಎರಡನೆಯದನ್ನು.

ನಮ್ಮ ಸರ್ಕಾರಗಳು ಕಣ್ಣು ಮುಚ್ಚಿ ಕುಳಿತಿವೆ ಎನ್ನುವಂತಿಲ್ಲ. ಪರದೇಶದ ಸಾಕುಪ್ರಾಣಿಗಳನ್ನು ಸ್ವಯಂಪ್ರೇರಣೆಯಿಂದ ಘೋಷಿಸಿಕೊಳ್ಳಲು ಕೇಂದ್ರ ಪರಿಸರ ಸಚಿವಾಲಯ 2020ರ ಜೂನ್‌ನಲ್ಲಿ ಅವಕಾಶ ನೀಡಿತು. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿದವು. 2024ರ ಫೆಬ್ರವರಿಯ ನಿಯಮಗಳಂತೆ ಅಂಥ ಜೀವಿಯನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಿಕೊಳ್ಳಬೇಕು. ಬಾಲ್ ಪೈಥಾನ್ ಈ ಪಟ್ಟಿಯಲ್ಲಿದೆ, ಕಾರ್ನ್ ಸ್ನೇಕ್ ಇಲ್ಲ. ಕಳ್ಳಸಾಗಣೆಯೂ ನಡೆದೇ ಇದೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಸಿಕ್ಕಿದ್ದು 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು ಮತ್ತು ಸತ್ತುಹೋಗಿದ್ದ ಆರು ಕಪುಚಿನ್ ಕೋತಿಗಳು. ಹೀಗೆ ಚೀಲದಲ್ಲಿ ಬಂದ ಹಾವು ಯಾರದೋ ಮನೆ ಸೇರಿದರೆ, ಕಾಯಿಲೆ ಬಿದ್ದಾಗ ಅದನ್ನು ವೈದ್ಯರ ಬಳಿ ಒಯ್ಯಲು ಮಾಲೀಕ ಹಿಂಜರಿಯುವುದು ಸಹಜ. ಕಾಗದವಿಲ್ಲದ ಪ್ರಾಣಿಗೆ ಔಷಧವೂ ದುರ್ಲಭ.

ಆದರೆ ಕಾಗದವಿದ್ದ ಮಾತ್ರಕ್ಕೆ ಗಾಳಿ ತೇವವಾಗುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಹನ್ನೊಂದನೆಯ ಸೆಕ್ಷನ್, ತನ್ನ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದ ಮಾಲೀಕನನ್ನು ಅಪರಾಧಿ ಎನ್ನುತ್ತದೆ. ಅಲ್ಲಿ ಪ್ರಾಣಿಯೆಂದರೆ ಮನುಷ್ಯನನ್ನು ಬಿಟ್ಟು ಉಳಿದೆಲ್ಲ ಜೀವಿ. ಹಾವೂ ಅದರೊಳಗೆ ಬರುತ್ತದೆ. ಆಸರೆ ಎಂಬ ಪದವನ್ನು ನಾವು ಹಸುವಿನ ಕೊಟ್ಟಿಗೆ, ನಾಯಿಯ ಗೂಡುಗಳ ಅರ್ಥದಲ್ಲಿ ಓದುತ್ತ ಬಂದಿದ್ದೇವೆ. ಹಾವಿನ ಮಟ್ಟಿಗೆ ನಾಲ್ಕು ಗೋಡೆ ಆಸರೆಯಲ್ಲ. ಸರಿಯಾದ ತಾಪ ಮತ್ತು ತೇವಗಳೇ ಆಸರೆ. ಅರಣ್ಯ ಇಲಾಖೆ ನೋಂದಣಿಯ ಜೊತೆಗೆ ಆಯಾ ಜೀವಿಯ ತಾಪ, ತೇವಗಳ ಅಗತ್ಯವನ್ನು ತಿಳಿಸುವ ಒಂದು ಪುಟದ ಕನ್ನಡ ಕೈಪಿಡಿಯನ್ನು ಕೊಡಬಹುದು. ಥರ್ಮೋಸ್ಟಾಟ್ ಮತ್ತು ಹೈಗ್ರೋಮೀಟರ್ ಇಲ್ಲದೆ ಯಾವ ಅಂಗಡಿಯೂ ಹಾವನ್ನು ಮಾರಕೂಡದು ಎಂದು, 2018ರ ಸಾಕುಪ್ರಾಣಿ ಅಂಗಡಿ ನಿಯಮಗಳನ್ನು ಜಾರಿಗೊಳಿಸುವವರು ಷರತ್ತು ಹಾಕುವುದನ್ನು ಪರಿಶೀಲಿಸಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಖಾಸಗಿ ಪಶುವೈದ್ಯರಿಗೆ ಸರೀಸೃಪಗಳ ಕುರಿತು ಅಲ್ಪಾವಧಿಯ ತರಬೇತಿ ನಡೆಸಬಹುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ.

ಹಾವಿಗೆ ಹಾಲೆರೆಯುವ ನಾಡು ನಮ್ಮದು. ಹಾವು ಹಾಲು ಕುಡಿಯುವ ಜೀವಿಯಲ್ಲ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಮನೆಯಲ್ಲಿ ಹಾವಿಟ್ಟುಕೊಳ್ಳಬೇಕೆನ್ನುವವರು ಅಂಗಡಿಗೆ ಹೋಗುವ ಮುನ್ನ ಒಂದು ಹೈಗ್ರೋಮೀಟರ್ ಕೊಂಡು, ಖಾಲಿ ಪೆಟ್ಟಿಗೆಯಲ್ಲಿ ಒಂದು ತಿಂಗಳು ಶೇ 60ಕ್ಕಿಂತ ಕೆಳಗಿಳಿಯದಂತೆ ತೇವವನ್ನು ಕಾಪಾಡಿ ನೋಡಲಿ, ಅದೂ ಧನುರ್ಮಾಸದಲ್ಲಿ. ಆ ತಿಂಗಳು ಬೇಸರವಿಲ್ಲದೆ ಕಳೆದರೆ ಹಾವನ್ನು ತರಲಿ. ಬೇಸರ ಬಂದರೆ ಪೆಟ್ಟಿಗೆಯಲ್ಲಿ ಒಂದೆರಡು ಜರಿಗಿಡ ನೆಟ್ಟುಕೊಳ್ಳಲಿ. ಅವಕ್ಕೂ ತೇವ ಬೇಕು, ಆದರೆ ಬಾಡಿದ್ದು ಮರುದಿನವೇ ಕಣ್ಣಿಗೆ ಕಾಣುತ್ತದೆ.